ಹುಸಿಗಂಟೆಯಲ್ಲಿ ತೀರಿಕೊಂಡವನು

ಆ ಹಡಗಿಗೊಂದು ಹೆಸರಿತ್ತು. ಆದರೆ ಅದರಲ್ಲಿ ಇದ್ದವರು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಡಗು ಅಂದರೆ ಸಾಕಿತ್ತು. ಬೇರೆ ಹಡಗು ಅವರ ಕಣ್ಣಿಗೆ ಬಿದ್ದದ್ದೇ ಇಲ್ಲ. ಅದು ಬೆಳ್ಳಗಿತ್ತು, ಒಂದು ಊರಿನಷ್ಟು ದೊಡ್ಡದಿತ್ತು. ಊರಿನಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿತ್ತು: ಊಟದ ಮನೆ, ಕ್ಷೌರದ ಅಂಗಡಿ, ಸಂಜೆ ಕೂತು ಹರಟುವುದಕ್ಕೆ ಡೆಕ್ಕಿನ ಬೆಂಚುಗಳು, ಜಗಳವಾಡಿದವರು ಮುಖ ತಪ್ಪಿಸಿ ನಡೆಯುವುದಕ್ಕೆ ಉದ್ದುದ್ದ ಓಣಿಗಳು. ಹಡಗು ಪಡುವಣಕ್ಕೆ ಹೋಗುತ್ತಿತ್ತು. ಸೂರ್ಯ ಅದರ ಬೆನ್ನ ಹಿಂದೆ ಹುಟ್ಟುತ್ತಿದ್ದ, ಅದರ ಕಣ್ಣ ಮುಂದೆ ಮುಳುಗುತ್ತಿದ್ದ.

ಸೂರ್ಯ ಮುಳುಗುವ ಕಡೆಗೆ ಹೋಗುವವರಿಗೆ ಹಗಲು ಉದ್ದವಾಗುತ್ತದೆ. ಹೊರಟ ಊರಿನ ಹೊತ್ತನ್ನೇ ಹಿಡಿದು ಕೂತರೆ, ನೆತ್ತಿಯ ಮೇಲೆ ಸೂರ್ಯ ಸುಡುತ್ತಿರುವಾಗಲೇ ಗಡಿಯಾರ ಸಂಜೆಯಾಯಿತು ಅನ್ನತೊಡಗುತ್ತದೆ. ಅದಕ್ಕೇ ಕೆಲವು ದಿನಕ್ಕೊಮ್ಮೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ದೂರ ಹೋಗುವ ಹಡಗುಗಳಲ್ಲೆಲ್ಲ ಹಾಗೆ ಮಾಡುತ್ತಾರೆ. ಈ ಹಡಗಿನಲ್ಲಿ ಮಾತ್ರ ಅದಕ್ಕೊಂದು ಕಟ್ಟಳೆ ಇತ್ತು.

ಅಂಥ ದಿನ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಕಪ್ತಾನನ ದನಿ ಕೇಳುತ್ತಿತ್ತು: "ಇವತ್ತು ಹುಸಿಗಂಟೆ ಉಂಟು." ಮಧ್ಯಾಹ್ನದ ಊಟ ಮುಗಿದು ಒಂದು ಹೊಡೆಯುತ್ತಿತ್ತು. ಒಂದರಿಂದ ಎರಡರವರೆಗಿನ ಹೊತ್ತು ಕಳೆಯುತ್ತಿತ್ತು. ಎರಡಾದ ಕೂಡಲೇ ಗಂಟೆಯವನು ಹಿತ್ತಾಳೆಯ ಗಂಟೆ ಹಿಡಿದು ಡೆಕ್ಕಿನ ಈ ತುದಿಯಿಂದ ಆ ತುದಿಗೆ ಬಾರಿಸುತ್ತ ನಡೆಯುತ್ತಿದ್ದ. ಆಗ ಗಡಿಯಾರಗಳೆಲ್ಲ ಮತ್ತೆ ಒಂದಕ್ಕೆ ಬರುತ್ತಿದ್ದವು, ಅದೇ ಹೊತ್ತು ಎರಡನೆಯ ಸಲ ಶುರುವಾಗುತ್ತಿತ್ತು. ಮೊದಲು ಕಳೆದದ್ದು ಹುಸಿಗಂಟೆ. ಆಮೇಲೆ ಬಂದದ್ದು ದಿಟಗಂಟೆ. ದಿಟಗಂಟೆ ಲೆಕ್ಕಕ್ಕೆ ಸೇರುತ್ತಿತ್ತು, ಹುಸಿಗಂಟೆ ಸೇರುತ್ತಿರಲಿಲ್ಲ. ಅದರಲ್ಲಿ ಆಡಿದ ಮಾತು ಆಡಿದ್ದಲ್ಲ. ಕೊಟ್ಟ ಏಟು ಕೊಟ್ಟದ್ದಲ್ಲ. ಅತ್ತ ಅಳು ಅತ್ತದ್ದಲ್ಲ. ಗಂಟೆ ಬಾರಿಸಿದ ಮೇಲೆ ಯಾರೂ ಅದರ ಸುದ್ದಿ ಎತ್ತುವಂತಿರಲಿಲ್ಲ.

ಆ ಹಡಗಿನಲ್ಲಿ ಐತಪ್ಪ ಅಂತ ಒಬ್ಬ ದರ್ಜಿ ಇದ್ದ, ಅವನ ಹೆಂಡತಿ ವಾರಿಜ ಇದ್ದಳು. ಐತಪ್ಪ ಆಯುಷ್ಯವಿಡೀ ಬಾಗಿಲಿಗೆ ಬೆನ್ನು ಹಾಕಿ ಹೊಲಿದವನು. ಸೂಜಿಗೆ ನೂಲು ಪೋಣಿಸಲಾರದಷ್ಟು ಕಣ್ಣು ಮಂಜಾದಾಗ, ಮಷಿನ್ನು ಮಾರಿ, "ಒಂದು ಸಲ ನಡುಗಡಲಲ್ಲಿ ನಿಂತು ಸುತ್ತ ನೋಡಬೇಕು ವಾರಿಜಾ" ಅಂದ. ವಾರಿಜ "ನಿಮ್ಮಿಷ್ಟ" ಅಂದಳು. ಅವಳು ಎಲ್ಲದಕ್ಕೂ ಹಾಗೆಯೇ ಅನ್ನುತ್ತಿದ್ದಳು.

ಮೊದಲನೆಯ ಹುಸಿಗಂಟೆಯಲ್ಲಿ ಅವರಿಬ್ಬರೂ ಏನು ಮಾಡುವುದೆಂದು ತಿಳಿಯದೆ ಮಂಚದ ಮೇಲೆ ಸುಮ್ಮನೆ ಕೂತಿದ್ದರು. ಗೋಡೆಯ ಆಚೆ ಪಕ್ಕದ ಕೋಣೆಯವಳು ತನ್ನ ಗಂಡನಿಗೆ ಇಲ್ಲದ ಬೈಗುಳ ಬೈಯುವುದು, ಏನೋ ಒಡೆಯುವುದು ಕೇಳಿಸಿತು. ಗಂಟೆ ಬಾರಿಸಿತು. ಆಮೇಲೆ ನೋಡಿದರೆ ಆ ಹೆಂಗಸು ತಲೆ ಬಾಚಿ, ಗಂಡನ ಕೈ ಹಿಡಿದುಕೊಂಡು, ನಗುತ್ತ ಓಣಿಯಲ್ಲಿ ಹೋಗುತ್ತಿದ್ದಳು. ಮರುದಿನ ಅವಳೇ ವಾರಿಜಳ ಕಿವಿಯಲ್ಲಿ ಹೇಳಿದಳು: "ನೀವೂ ಬೈಯಿರಿ ಅಕ್ಕ. ಬೈದು ಹಗುರಾಗಿ. ಇಲ್ಲಿ ಬೈದದ್ದು ಕಡಲಿಗೆ ಹೋಗ್ತದೆ, ಮನಸ್ಸಿಗೆ ಹೋಗುವುದಿಲ್ಲ."

ಹಾಗೆ ವಾರಿಜ ಬೈಯಲು ಕಲಿತಳು. ಮೊದಲು ಗೊರಕೆಗೆ ಬೈದಳು. ಆಮೇಲೆ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದುದಕ್ಕೆ ಬೈದಳು. ಯಾವತ್ತೂ ಗಂಡನನ್ನು ಬಹುವಚನದಲ್ಲಿ ಕರೆದವಳು ಹುಸಿಗಂಟೆಯಲ್ಲಿ ಮಾತ್ರ "ನೀನು" ಅನ್ನತೊಡಗಿದಳು. ಐತಪ್ಪನಿಗೆ ಅದು ಬಹಳ ಹಿಡಿಸಿತು. "ಇನ್ನೊಂದು ಸಲ ನೀನು ಅನ್ನು" ಅನ್ನುತ್ತಿದ್ದ. "ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಹೆಂಡತಿ ಸಿಕ್ಕಿದ ಹಾಗಾಯ್ತು ನನಗೆ." ದಿಟಗಂಟೆ ಬಂದಾಗ ಅವಳು ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಅವನ ಕೈಗೆ ಕೊಡುತ್ತಿದ್ದಳು. ಅವನು ಬೀಜವನ್ನು ಅಂಗೈಗೆ ಉಗುಳಿಕೊಂಡು ತಿನ್ನುತ್ತಿದ್ದ. ಆ ದಿನಗಳಲ್ಲಿ ಅವರು ಸುಖವಾಗಿದ್ದರು.

ಆದರೆ ಬೈಗುಳಕ್ಕೂ ಒಂದು ತಳ ಇರುತ್ತದೆ. ಮೇಲಿನದು ತೆಗೆದ ಹಾಗೆ ಕೆಳಗಿನದು ಕಾಣುತ್ತದೆ. ಗೊರಕೆಯದು ಮುಗಿಯಿತು, ಸೂಜಿಯದು ಮುಗಿಯಿತು, ಅತ್ತೆ ನಾದಿನಿಯರದು ಮುಗಿಯಿತು. ಒಂದು ದಿನ ಹುಸಿಗಂಟೆಯಲ್ಲಿ ವಾರಿಜ ಎಷ್ಟೋ ಹೊತ್ತು ಬಾಯಿ ಬಿಡದೆ ಕೂತಳು. ಐತಪ್ಪ ನಗುತ್ತ, "ಯಾಕೆ, ಇವತ್ತು ಬೈಗುಳ ಖಾಲಿಯಾ?" ಅಂದ.

"ನೀನು ನನ್ನ ಮಗಳನ್ನು ಕೊಟ್ಟುಬಿಟ್ಟೆ" ಅಂದಳು ವಾರಿಜ.

ಅವರಿಗೆ ಒಂದೇ ಮಗು ಹುಟ್ಟಿತ್ತು, ಹೆಣ್ಣು. ಐತಪ್ಪನ ಅಣ್ಣನಿಗೆ ಮಕ್ಕಳಿರಲಿಲ್ಲ. ಅತ್ತಿಗೆ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದಿದ್ದಳು. ಮಗು ಆಗಷ್ಟೇ ಮಾತು ಕಲಿಯುತ್ತಿತ್ತು. ಅಣ್ಣನ ಮನೆಗೆ ಊಟಕ್ಕೆ ಹೋದ ದಿನ ಐತಪ್ಪ ನಿದ್ದೆ ಹೋಗಿದ್ದ ಮಗುವನ್ನು ವಾರಿಜಳ ತೊಡೆಯಿಂದ ಎತ್ತಿ ಅತ್ತಿಗೆಯ ಮಗ್ಗುಲಲ್ಲಿ ಮಲಗಿಸಿದ. "ಇರಲಿ ಇಲ್ಲೇ. ನಮಗೆ ಮತ್ತೊಂದು ಆಗ್ತದೆ" ಅಂದ. ವಾರಿಜಳನ್ನು ಯಾರೂ ಕೇಳಲಿಲ್ಲ. ಮತ್ತೊಂದು ಆಗಲಿಲ್ಲ. ಮಗಳು ಅಲ್ಲೇ ಬೆಳೆದಳು, ರಜೆಗೆ ಬಂದಾಗ ವಾರಿಜಳನ್ನು ಚಿಕ್ಕಮ್ಮ ಎಂದು ಕರೆದಳು. ಅವಳ ಮದುವೆಯಲ್ಲಿ ಧಾರೆ ಎರೆದದ್ದು ಅತ್ತಿಗೆ. ವಾರಿಜ ಪಂಕ್ತಿಯಲ್ಲಿ ಪಾಯಸ ಬಡಿಸಿದಳು.

ಇದನ್ನು ಅವಳು ಯಾವ ಗಂಟೆಯಲ್ಲೂ, ಯಾರ ಹತ್ತಿರವೂ ಹೇಳಿರಲಿಲ್ಲ.

ಐತಪ್ಪನ ನಗು ನಿಂತಿತು. ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ: "ಇದಕ್ಕೊಂದು ಉತ್ತರ ಉಂಟು ನನ್ನ ಹತ್ರ. ಆದರೆ ಈಗ ಹೇಳುವುದಿಲ್ಲ. ಈಗ ಹೇಳಿದರೆ ಹೇಳಿದ ಹಾಗೆ ಆಗುವುದಿಲ್ಲ. ದಿಟಗಂಟೆ ಬರಲಿ. ಬಾರಿಸಿದ ಕೂಡಲೇ ಬಂದು ಹೇಳ್ತೇನೆ. ಅದು ಲೆಕ್ಕಕ್ಕೆ ಸಿಗಬೇಕು ವಾರಿಜಾ."

"ಹೋಗು" ಅಂದಳು ಅವಳು. "ನಿನ್ನ ಮುಖ ನೋಡ್ಲಿಕ್ಕಾಗುವುದಿಲ್ಲ ನನಗೆ. ಎಲ್ಲಾದರೂ ಹೋಗಿ ಸಾಯಿ."

ಐತಪ್ಪ ಎದ್ದ. ಬಾಗಿಲಿನ ಹತ್ತಿರ ಅಂಗಿಯ ಗುಂಡಿ ಸರಿ ಮಾಡಿಕೊಂಡ. ಹೊರಗೆ ಹೋದ.

ಹುಸಿಗಂಟೆ ಇನ್ನೂ ಮುಗಿದಿರಲಿಲ್ಲ, ಗಂಟೆಯವನು ಬಂದು ಬಾಗಿಲು ತಟ್ಟಿದ. "ತಾಯಿ, ಸ್ವಲ್ಪ ಬನ್ನಿ" ಅಂದ. ಐತಪ್ಪ ಡೆಕ್ಕಿನ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕಡಲು ನೋಡುವ ಹಾಗೆ ಕೂತಿದ್ದ. ಹಡಗಿನ ವೈದ್ಯ ಅವನ ಎದೆಗೆ ಕಿವಿಯಿಟ್ಟು ಕೇಳಿ, ಎದ್ದು ನಿಂತು, ಪಕ್ಕದಲ್ಲಿದ್ದ ಕಪ್ತಾನನ ಮುಖ ನೋಡಿದ. ಕಪ್ತಾನ ತನ್ನ ಗಡಿಯಾರ ನೋಡಿದ.

ಕಪ್ತಾನ ಕೆಟ್ಟವನಲ್ಲ. ಅವನು ವಾರಿಜಳ ಮುಂದೆ ಟೋಪಿ ತೆಗೆದು ನಿಂತು ಹೇಳಿದ: "ತಾಯಿ, ಹುಸಿಗಂಟೆಯಲ್ಲಿ ಶುರುವಾದದ್ದು ಹುಸಿಗಂಟೆಯಲ್ಲೇ ಮುಗಿಯಬೇಕು. ಇನ್ನು ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸ್ತದೆ. ಅಷ್ಟರೊಳಗೆ ಇವರನ್ನು ಕಡಲಿಗೆ ಕೊಡಬೇಕು."

"ಇಲ್ಲ" ಅಂದಳು ವಾರಿಜ. "ಅವರು ದಿಟಗಂಟೆಯಲ್ಲಿ ಬಂದು ನನಗೊಂದು ಮಾತು ಹೇಳ್ತೇನೆ ಅಂದಿದ್ದಾರೆ."

"ಹಾಗಾದರೆ ಹೇಳಲಿ" ಅಂದ ಕಪ್ತಾನ, ಮೆತ್ತಗೆ. "ನಮ್ಮ ಲೆಕ್ಕದಲ್ಲಿ ಇವರು ತೀರಿಕೊಂಡಿಲ್ಲ. ನೀವು ಇವರಿಗೆ ಏನೂ ಅಂದಿಲ್ಲ. ಇಲ್ಲಿ ಏನೂ ಆಗಿಲ್ಲ. ನೀವು ಕೋಣೆಗೆ ಹೋಗಿ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದ ಹಾಗೆ ವಾರಿಜ ಆ ಮಾತನ್ನು ಹಿಡಿದುಕೊಂಡಳು. ನೀವು ಏನೂ ಅಂದಿಲ್ಲ. ಹಾಗೆಂದು ಅವಳಿಗೆ ಯಾರಾದರೂ ಹೇಳಬೇಕಿತ್ತು. ಬಿಳಿ ಬಟ್ಟೆ ತಂದರು, ಸುತ್ತಿದರು. ವಾರಿಜ ಬಗ್ಗಿ ಅವನ ಪಾದ ಮುಟ್ಟಿದಳು. ಪಾದ ಇನ್ನೂ ಬೆಚ್ಚಗಿತ್ತು. ಅದು ಬೆಚ್ಚಗಿರುವಾಗಲೇ ಕೊಟ್ಟುಬಿಟ್ಟರು. ನೀರು ಒಂದು ಸಲ ಬಾಯಿ ತೆರೆದು ಮುಚ್ಚಿಕೊಂಡಿತು. ಗಂಟೆಯವನು ಕೈ ಒರೆಸಿಕೊಂಡು ಗಂಟೆ ಎತ್ತಿದ.

ವಾರಿಜ ಕೋಣೆಗೆ ಹೋಗಿ, ಕಿತ್ತಳೆ ಸುಲಿದು, ತೊಳೆಗಳನ್ನು ತಟ್ಟೆಯಲ್ಲಿ ಸುತ್ತ ಜೋಡಿಸಿ, ಬಾಗಿಲು ನೋಡುತ್ತ ಕೂತಳು.

ಅಂದಿನಿಂದ ಹಡಗು ಐತಪ್ಪನನ್ನು ಬದುಕಿಸಿಕೊಂಡಿತು. ಊಟದ ಮನೆಯಲ್ಲಿ ಅವನ ಕುರ್ಚಿಯ ಮುಂದೆ ತಟ್ಟೆ ಇಡುತ್ತಿದ್ದರು. ಬಡಿಸುವವನು ಬಂದು, "ಸಾಹೇಬರಿಗೆ ಇವತ್ತು ಮೀನು ಆಗ್ತದಾ?" ಎಂದು ಕೇಳುತ್ತಿದ್ದ. ವಾರಿಜ "ಆಗ್ತದೆ" ಅನ್ನುತ್ತಿದ್ದಳು. ಬಡಿಸುತ್ತಿದ್ದ. ಆರಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದ. ಓಣಿಯಲ್ಲಿ ಎದುರಾದವರು ಅವಳಿಗೊಂದು, ಅವಳ ಪಕ್ಕದ ಖಾಲಿ ಜಾಗಕ್ಕೊಂದು ನಮಸ್ಕಾರ ಮಾಡುತ್ತಿದ್ದರು. ಅವರು ಯಾರೂ ಗೇಲಿ ಮಾಡುತ್ತಿರಲಿಲ್ಲ. ಎಲ್ಲರೂ ತುಂಬ ಒಳ್ಳೆಯವರಾಗಿದ್ದರು. ಅವಳ ಹಣೆಯ ಕುಂಕುಮ ಹಾಗೇ ಇತ್ತು, ಬಳೆ ಹಾಗೇ ಇತ್ತು. ಬಾಗಿಲು ಸದ್ದಾದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಹೇಳಬೇಕಾದ ಮಾತು ಹೇಳಲು ಅವನು ಸ್ವಲ್ಪ ತಡಮಾಡಿದ್ದಾನೆ ಅಷ್ಟೇ ಎಂದುಕೊಳ್ಳುತ್ತಿದ್ದಳು.

ಅಳುವುದಕ್ಕೆ ಹುಸಿಗಂಟೆಗಳಿದ್ದವು. ಹಡಗು ಇನ್ನೂ ಪಡುವಣಕ್ಕೇ ಹೋಗುತ್ತಿತ್ತಲ್ಲ. ಕಪ್ತಾನ ಹುಸಿಗಂಟೆ ಸಾರಿದ ದಿನ ಒಂದು ಹೊಡೆಯುವುದನ್ನೇ ಕಾದಿದ್ದು ಪಕ್ಕದ ಕೋಣೆಯವಳು ಓಡಿ ಬರುತ್ತಿದ್ದಳು. ವಾರಿಜಳನ್ನು ಎದೆಗೆ ಒತ್ತಿಕೊಂಡು, "ಎಂಥ ಮನುಷ್ಯ ಅಕ್ಕ, ಎಂಥ ಮನುಷ್ಯ! ನನ್ನ ಹರಿದ ಸೆರಗನ್ನು ಕೇಳದೇ ಹೊಲಿದುಕೊಟ್ಟಿದ್ದರು. ಹೀಗೆ ಹೋಗಬಹುದಾ?" ಎಂದು ಅಳುತ್ತಿದ್ದಳು. ಇಬ್ಬರೂ ನೆಲದ ಮೇಲೆ ಕೂತು ಅಳುತ್ತಿದ್ದರು. ಗಂಟೆ ಬಾರಿಸುತ್ತಿತ್ತು. ಪಕ್ಕದ ಕೋಣೆಯವಳು ಕಣ್ಣು ಒರೆಸಿಕೊಂಡು, ಸೀರೆಯ ನೆರಿಗೆ ಕೊಡವಿಕೊಂಡು ಎದ್ದು, "ನಿಮ್ಮವರು ಹೇಗಿದ್ದಾರೆ? ಕಾಣಲೇ ಇಲ್ಲ" ಅನ್ನುತ್ತಿದ್ದಳು.

"ಚೆನ್ನಾಗಿದ್ದಾರೆ. ಮಲಗಿದ್ದಾರೆ" ಅನ್ನುತ್ತಿದ್ದಳು ವಾರಿಜ.

ಪಡುವಣದ ಕೊನೆಯ ಬಂದರು ಬಂತು. ಹಡಗು ಅಲ್ಲಿ ನೀರು ತುಂಬಿಸಿಕೊಂಡು ಮೂತಿ ತಿರುಗಿಸಿತು. ಈಗ ಸೂರ್ಯ ಎದುರಿಗೆ ಹುಟ್ಟತೊಡಗಿದ. ಮೂಡಣಕ್ಕೆ ಹೋಗುವವರಿಗೆ ಹಗಲು ಮೊಟಕಾಗುತ್ತದೆ. ಹೋಗುವಾಗ ಕಡಲು ಕೊಟ್ಟ ಗಂಟೆಗಳನ್ನು ಬರುವಾಗ ಒಂದೊಂದಾಗಿ ಕಡಲಿಗೇ ಹಿಂದೆ ಕೊಡಬೇಕು. ಊಟ ಮುಗಿದು ಒಂದು ಹೊಡೆದ ಕೂಡಲೇ ಗಂಟೆಯವನು ಬಾರಿಸುತ್ತಿದ್ದ, ಗಡಿಯಾರಗಳೆಲ್ಲ ಎರಡಕ್ಕೆ ಜಿಗಿಯುತ್ತಿದ್ದವು. ನಡುವೆ ಏನೂ ಇರುತ್ತಿರಲಿಲ್ಲ. ಊಟದ ತಟ್ಟೆ ಒಣಗುವ ಮೊದಲೇ ಚಹಾ ಬರುತ್ತಿತ್ತು.

ಹುಸಿಗಂಟೆಗಳು ಮುಗಿದುಹೋದವು. ಹಡಗಿನವರ ಮುಖ ಬಿಗಿಯಾಯಿತು. ಜಗಳಗಳು ಗಂಟಲಲ್ಲೇ ಉಳಿದವು. ಪಕ್ಕದ ಕೋಣೆಯವಳು ಗಂಡನ ಜೊತೆ ಹಲ್ಲು ಕಚ್ಚಿಕೊಂಡು ನಗುತ್ತ ಓಡಾಡಿದಳು. ವಾರಿಜಳಿಗೆ ಅಳುವುದಕ್ಕೆ ಹೊತ್ತೇ ಇಲ್ಲವಾಯಿತು. ಒಮ್ಮೆ ಊಟಕ್ಕೆ ಕೂತವಳಿಗೆ ತಡೆಯಲಾಗದೆ ಕಣ್ಣೀರು ಬಂತು. ಬಡಿಸುವವನು ಗಾಬರಿಯಾಗಿ, "ಖಾರ ತಾಗಿತಾ ಅಮ್ಮ?" ಎಂದು ನೀರು ತಂದುಕೊಟ್ಟ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ಹೌದು, ಖಾರ" ಅಂದಳು. ನೀರು ಕುಡಿದಳು.

ಕೆಲವು ವಾರ ಹೀಗೆ ಹೋಯಿತು. ಒಂದು ಬೆಳಿಗ್ಗೆ ಕಪ್ತಾನ ಸಾರಿದ: "ಇವತ್ತು ಗಂಟೆ ಹಿಂದೆ ಕೊಡುವ ದಿನ." ವಾರಿಜ ಡೆಕ್ಕಿಗೆ ಬಂದು ಕಡಲು ನೋಡಿದಳು. ನೀರಿಗೆ ಗುರುತು ಇರುವುದಿಲ್ಲ ಅನ್ನುತ್ತಾರೆ. ಆದರೆ ಅವಳಿಗೆ ಗುರುತು ಸಿಕ್ಕಿತು. ಹಸಿರೂ ಅಲ್ಲದ ಕಪ್ಪೂ ಅಲ್ಲದ, ಐತಪ್ಪನನ್ನು ಕೊಟ್ಟ ದಿನದ ಅದೇ ಬಣ್ಣ. ಅವಳು ಕಪ್ತಾನನ ಹತ್ತಿರ ಹೋಗಿ ಕೇಳಿದಳು: "ಇವತ್ತು ಕೊಡುವುದು ಯಾವ ಗಂಟೆ?"

ಕಪ್ತಾನ ಹೇಳಿದ: "ಹೋಗುವಾಗ ಇಲ್ಲಿ ಸಿಕ್ಕಿದ್ದು."

"ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗ್ತದೆ?"

"ಎಲ್ಲಿಗೂ ಹೋಗುವುದಿಲ್ಲ. ಅದು ಇರಲೇ ಇಲ್ಲ."

"ಅದರಲ್ಲಿ ನಮ್ಮವರು ಇದ್ದಾರೆ."

"ನಿಮ್ಮವರು ಕೋಣೆಯಲ್ಲಿದ್ದಾರೆ ತಾಯಿ" ಅಂದ ಕಪ್ತಾನ. ಅವನ ದನಿಯಲ್ಲಿ ಇದ್ದದ್ದು ಕರುಣೆಯೇ.

ವಾರಿಜ ಕೋಣೆಗೆ ಹೋದಳು. ಐತಪ್ಪನ ಅಂಗಿಯನ್ನು ಅವಳೇ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದಳು, ದಿನಾ ಬೆಳಿಗ್ಗೆ ಕೊಡವಿ ಹಾಕುತ್ತಿದ್ದಳು. ಈಗ ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಇಲ್ಲಿಲ್ಲ. ಅವನು ಇರುವುದು ಆ ಒಂದು ಗಂಟೆಯಲ್ಲಿ. ಮಗಳ ಹೆಸರೆತ್ತಿದಾಗ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ ಆ ಗಂಟೆಯಲ್ಲಿ. ಅದು ಹೋದರೆ ಅವನು ಸತ್ತದ್ದೂ ಹೋಗುತ್ತದೆ. ಸತ್ತದ್ದೇ ಹೋದ ಮೇಲೆ ಅವನಲ್ಲಿ ಉಳಿಯುವುದು ಏನು? ಆರಿದ ಮೀನು, ಖಾಲಿ ಜಾಗಕ್ಕೊಂದು ನಮಸ್ಕಾರ.

ಆದರೆ ಅವನು ಸತ್ತ ಅನ್ನಬೇಕಾದರೆ, ಹೋಗಿ ಸಾಯಿ ಅಂದದ್ದನ್ನೂ ಅಂದೆ ಅನ್ನಬೇಕು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ. ಅವಳು ಬಹಳ ಹೊತ್ತು ಅಂಗಿ ಹಿಡಿದುಕೊಂಡು ಕೂತಳು.

ಊಟ ಮುಗಿಯಿತು. ಜನ ಡೆಕ್ಕಿನಲ್ಲಿ ಸೇರಿದರು. ಒಂದು ಹೊಡೆಯಿತು. ಗಂಟೆಯವನು ಕೈ ಎತ್ತಿದ. ವಾರಿಜ ಮುಂದೆ ಬಂದು, ಗಂಟೆಯೊಳಗೆ ಕೈ ಹಾಕಿ ಅದರ ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗಂಟೆಯವನು ಎಳೆಯಲಿಲ್ಲ. ಗಡಿಯಾರದ ಮುಳ್ಳು ತನ್ನ ಪಾಡಿಗೆ ಮುಂದಕ್ಕೆ ಹೊರಟಿತು. ಹಡಗಿನವರು ಇಲ್ಲದಿರಬೇಕಾದ ಹೊತ್ತಿನೊಳಗೆ ನಿಂತಿದ್ದರು.

"ನನ್ನ ಗಂಡ ಐತಪ್ಪ ತೀರಿಕೊಂಡ" ಅಂದಳು ವಾರಿಜ. ಅವಳ ದನಿ ದೊಡ್ಡದೇನಲ್ಲ, ಆದರೆ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. "ಈ ನೀರಿನಲ್ಲಿ ಅವನನ್ನು ಹಾಕಿದಿರಿ. ಅವನ ಪಾದ ಬೆಚ್ಚಗಿತ್ತು. ಹೋಗಿ ಸಾಯಿ ಅಂತ ನಾನು ಅಂದಿದ್ದೆ. ನಾನೇ ಅಂದದ್ದು. ಅವನು ಒಂದು ಉತ್ತರ ಹೇಳಬೇಕಿತ್ತು, ಹೇಳಲಿಲ್ಲ. ಇನ್ನು ಹೇಳುವುದಿಲ್ಲ."

"ಅಕ್ಕ, ಬೇಡ!" ಪಕ್ಕದ ಕೋಣೆಯವಳು ಜನರನ್ನು ತಳ್ಳಿಕೊಂಡು ಬಂದಳು. "ಕೈ ಬಿಡಿ ಅಕ್ಕ. ಆ ಗಂಟೆ ಲೆಕ್ಕಕ್ಕೆ ಬಂದರೆ ಅದರಲ್ಲಿ ಇದ್ದದ್ದೆಲ್ಲ ಬರ್ತದೆ. ಆವತ್ತು ಅದೇ ಗಂಟೆಯಲ್ಲಿ ನಾನು ಇವರಿಗೆ..." ಅವಳು ಗಂಡನ ಕಡೆ ತಿರುಗಿ ನೋಡಿ ಮಾತು ನುಂಗಿಕೊಂಡಳು. ಗಂಡ ಅವಳನ್ನೇ ನೋಡುತ್ತಿದ್ದ. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು, ನೋಡಿ ನೋಡಿ ಕಣ್ಣು ತಗ್ಗಿಸತೊಡಗಿದರು. ಆವತ್ತಿನ ಆ ಗಂಟೆಯಲ್ಲಿ ಪ್ರತಿ ಕೋಣೆಯಲ್ಲೂ ಯಾರೋ ಯಾರಿಗೋ ಏನೋ ಅಂದಿದ್ದರು.

"ನಿನ್ನದು ನಿನ್ನ ಹತ್ತಿರ ಇರಲಿ ತಂಗಿ" ಅಂದಳು ವಾರಿಜ. "ನನ್ನದು ನನಗೆ ಬೇಕು."

ಕಪ್ತಾನ ಬಂದ. ಅವಳ ಕೈ ಬಿಡಿಸಲಿಲ್ಲ. "ಯೋಚನೆ ಮಾಡಿ ಹೇಳಿ ತಾಯಿ. ಹಡಗಿನ ಲೆಕ್ಕದಲ್ಲಿ ನಿಮ್ಮವರು ಬದುಕಿದ್ದಾರೆ. ನೀವು ಯಾವ ತಪ್ಪೂ ಮಾಡಿಲ್ಲ. ಇದಕ್ಕಿಂತ ಹೆಚ್ಚು ಯಾರೂ ಯಾರಿಗೂ ಕೊಡಲಾರರು. ಇದನ್ನು ಬಿಟ್ಟರೆ ನಿಮ್ಮ ಪಾಲಿಗೆ ಬರುವುದು ಏನು? ಒಂದು ಹೆಣ, ಒಂದು ಕೆಟ್ಟ ಮಾತು."

"ಅಷ್ಟೇ ನನ್ನದು" ಅಂದಳು ವಾರಿಜ. "ಅದನ್ನು ಕೊಡಿ."

ಕಪ್ತಾನ ತಲೆ ತಗ್ಗಿಸಿದ. ಆಮೇಲೆ ಹೇಳಿದ: "ಹಡಗಿನ ಗಡಿಯಾರ ನಾವು ಆಮೇಲೆ ಸರಿಮಾಡಿಕೊಳ್ತೇವೆ. ನಿಮ್ಮದನ್ನು ಸರಿಮಾಡ್ಲಿಕ್ಕೆ ನಮಗೆ ಬರುವುದಿಲ್ಲ. ಎರಡು ಹೊತ್ತು ಒಂದೇ ಹಡಗಿನಲ್ಲಿ ಇರಲಾಗದು. ಮುಂದಿನ ದಡದಲ್ಲಿ ನೀವು ಇಳಿಯಬೇಕು."

ಅವಳ ಬೆರಳುಗಳು ಮರಗಟ್ಟಿದ್ದವು. ಗಂಟೆಯವನೇ ಅವನ್ನು ಒಂದೊಂದಾಗಿ ಬಿಡಿಸಿದ.

ಮರುದಿನ ದಡ ಕಂಡಿತು. ಬಂದರು ಅನ್ನುವ ಹಾಗಿರಲಿಲ್ಲ. ಕಲ್ಲಿನ ಒಂದು ಕಟ್ಟೆ, ಮರಳ ಮೇಲೆ ಒಣಹಾಕಿದ ಮೀನು, ಹಿಂದೆ ನಾಲ್ಕೈದು ಮನೆ. ವಾರಿಜ ಒಂದು ಗಂಟು ಹಿಡಿದು ಏಣಿ ಇಳಿದಳು. ಡೆಕ್ಕಿನ ಅಂಚಿನ ಕಟಾಂಜನದ ಉದ್ದಕ್ಕೂ ಜನ ನಿಂತಿದ್ದರು. ಯಾರೂ ಕೈ ಬೀಸಲಿಲ್ಲ. ಅವಳು ಕಟ್ಟೆಗೆ ಕಾಲಿಟ್ಟಾಗ ಮೇಲಿನಿಂದ ಒಂದು ಕೂಗು ಕೇಳಿಸಿತು. ಪಕ್ಕದ ಕೋಣೆಯವಳು ಕಂಬಿಯ ಆಚೆಗೆ ಅರ್ಧ ಬಾಗಿ ನಿಂತಿದ್ದಳು. ಬೆಳಗಿನ ಹೊತ್ತು ಅದು, ಲೆಕ್ಕಕ್ಕೆ ಸೇರುವ ಹೊತ್ತು.

"ಅಕ್ಕ! ಐತಪ್ಪನವರು ಹೋಗಿಬಿಟ್ಟರಲ್ಲ ಅಕ್ಕ!" ಎಂದು ಅವಳು ಎಲ್ಲರ ಮುಂದೆ ಬಾಯಿ ಬಿಟ್ಟು ಅತ್ತಳು. ಅವಳ ಗಂಡ ಅವಳಿಂದ ಎರಡು ಮಾರು ದೂರ ನಿಂತಿದ್ದ. ಅವನು ಹತ್ತಿರ ಬರಲೂ ಇಲ್ಲ, ಹೋಗಲೂ ಇಲ್ಲ. ಹಡಗು ಏಣಿ ಎಳೆದುಕೊಂಡು ಹೊರಟಿತು. ಅವಳ ಅಳು ಸ್ವಲ್ಪ ದೂರದವರೆಗೂ ಕೇಳುತ್ತಿತ್ತು, ಆಮೇಲೆ ಗಾಳಿಯ ಸದ್ದು ಮಾತ್ರ.

ಮೀನು ತಿರುವಿ ಹಾಕುತ್ತಿದ್ದ ಹೆಂಗಸೊಬ್ಬಳು ನಡು ನೆಟ್ಟಗೆ ಮಾಡಿ ನೋಡಿದಳು. ಅವಳಿಗೂ ವಾರಿಜಳಷ್ಟೇ ವಯಸ್ಸು. "ಯಾರು ನೀನು? ಯಾಕೆ ಇಳಿಸಿದರು?" ಎಂದು ಕೇಳಿದಳು.

"ನನ್ನ ಗಂಡ ತೀರಿಕೊಂಡ."

"ಅಯ್ಯೋ. ಯಾವಾಗ?"

ವಾರಿಜ ಬಾಯಿ ತೆರೆದಳು. ಯಾವ ದಿನ ಅನ್ನುವುದು? ಮುಗಿದುಹೋದ ಆ ಮಧ್ಯಾಹ್ನವೇ, ಎಲ್ಲರೂ ಅವನಿಗೆ ನಮಸ್ಕಾರ ಮಾಡುತ್ತಿದ್ದ ದಿನಗಳೇ, ಗಂಟೆಯ ನಾಲಿಗೆ ಹಿಡಿದ ನಿನ್ನೆಯೇ? ಹೇಳಲು ಹೋದರೆ ಎಲ್ಲವೂ ಸುಳ್ಳಾಗಿ ಕೇಳುತ್ತಿತ್ತು.

"ಈಗ" ಅಂದಳು.

ಆ ಹೆಂಗಸು ಹೆಣ ಎಲ್ಲಿ ಎಂದು ಕೇಳಲಿಲ್ಲ. ಕಡಲ ಬದಿಯವರು ಅದನ್ನು ಕೇಳುವುದಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ವಾರಿಜಳ ಗಂಟನ್ನು ಇಸಿದುಕೊಂಡಳು. ರಟ್ಟೆ ಹಿಡಿದು ಬಾವಿಯ ಹತ್ತಿರ ಕರೆದುಕೊಂಡು ಹೋದಳು. ಕೊಡದಲ್ಲಿ ನೀರು ಸೇದಿ, ಸೀರೆ ಸಮೇತ ಅವಳ ತಲೆಯ ಮೇಲೆ ಸುರಿದಳು. ನೀರು ತಣ್ಣಗಿತ್ತು. ಕುಂಕುಮ ಕರಗಿ ಮೂಗಿನ ಗುಂಟ ಇಳಿಯಿತು. ಎರಡನೆಯ ಕೊಡಕ್ಕೆ ವಾರಿಜಳ ಒಳಗಿನಿಂದ ಒಂದು ಸದ್ದು ಬಂತು. ಅದು ಹೆಂಗಸಿನ ದನಿಯ ಹಾಗಿರಲಿಲ್ಲ, ಕರು ಕಳೆದುಕೊಂಡ ಹಸುವಿನ ಹಾಗಿತ್ತು. ಮನೆಗಳಿಂದ ಹೆಂಗಸರು ಹೊರಗೆ ಬಂದರು. ಯಾರ ಸಾವು ಎಂದು ವಿಚಾರಿಸಿದರು, ಇವಳ ಗಂಡನಂತೆ ಎಂದು ಗೊತ್ತಾಯಿತು. ಬಂದು ಸುತ್ತ ಕೂತರು.

"ಅವನು ಹೇಗಿದ್ದ, ಹೇಳು" ಅಂದಳು ಒಬ್ಬಳು. ಅಲ್ಲಿ ಹಾಗೆ ಕೇಳುವುದು ರೂಢಿ.

"ಅವನು ನನ್ನ ಮಗಳನ್ನು ಕೊಟ್ಟುಬಿಟ್ಟ" ಅಂದಳು ವಾರಿಜ. ಹೆಂಗಸರು ತಲೆಯಾಡಿಸಿದರು. "ನನಗೆ ಅವನು ಹೊಲಿದ ರವಿಕೆ ಎಂದೂ ಕಂಕುಳಲ್ಲಿ ಹರಿಯಲಿಲ್ಲ" ಅಂದಳು. ಅದಕ್ಕೂ ತಲೆಯಾಡಿಸಿದರು. "ಅವನ ಅಂಗೈ ಒರಟು. ಚಳಿಗಾಲದಲ್ಲಿ ನನ್ನ ಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಲಗುತ್ತಿದ್ದ. ನನ್ನ ಹತ್ತಿರ ಒಂದು ಮಾತು ಕೇಳಿದ್ದರೆ ಮಗುವನ್ನು ಕೊಡುತ್ತಿದ್ದೆನೋ ಏನೋ. ಅವನ ಅತ್ತಿಗೆ ಸಾಯುವ ಹಾಗಿದ್ದಳು. ಕೇಳಬೇಕಿತ್ತು. ಕೇಳಲಿಲ್ಲ." ಹೀಗೆ ಅವಳು ಹೇಳುತ್ತ ಹೋದಳು. ಬಿಸಿಲು ಸರಿಯಿತು, ಸೀರೆ ಮೈಮೇಲೇ ಒಣಗಿತು. ಅವಳು ಹೇಳಿದ್ದನ್ನೇ ಮತ್ತೆ ಹೇಳಿದಳು. ಯಾರೂ ಎದ್ದು ಹೋಗಲಿಲ್ಲ.

ಕೊನೆಗೆ ಮೀನಿನ ಹೆಂಗಸು ತನ್ನ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸಿದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ಉಣ್ಣಲು ತರುತ್ತಾರೆ. ವಾರಿಜಳಿಗೆ ಆ ಊರಿನಲ್ಲಿ ಮನೆಯೂ ಇರಲಿಲ್ಲ, ಒಲೆಯೂ ಇರಲಿಲ್ಲ. ಆದರೂ ಮೀನಿನ ಹೆಂಗಸು ತನ್ನ ಒಲೆಗೆ ನೀರು ಚಿಮುಕಿಸಿ ಆರಿಸಿದಳು. ಕತ್ತಲಾಗುವ ಮುಂಚೆ ಎದುರು ಮನೆಯವಳು ಸೆರಗಿನಲ್ಲಿ ಮುಚ್ಚಿಕೊಂಡು ಗಂಜಿ ತಂದಳು. ಮೇಲೆ ಒಂದು ಹರಳು ಉಪ್ಪು ಹಾಕಿ ಮುಂದಿಟ್ಟಳು.

"ಉಣ್ಣು" ಅಂದಳು.

ವಾರಿಜ ಉಂಡಳು.